ಹಾಲು ಬಿಟ್ಟ ಮೇಲೂ ಚೀಪುವ ಬೆಕ್ಕಿನ ಮರಿಗಳಿಗೆ ಎದೆಬಡಿತದ ಗೊಂಬೆ: ಬಳಸಿ ನೋಡಿದವರ ವಿಮರ್ಶೆ

ತಾಯಿಯ ಹಾಲು ಬಿಟ್ಟು ಗಟ್ಟಿ ಆಹಾರ ತಿನ್ನಲು ಕಲಿತ ಮೇಲೂ ಕೆಲವು ಬೆಕ್ಕಿನ ಮರಿಗಳು ಕಂಬಳಿಯ ಅಂಚನ್ನೋ, ಸೀರೆಯ ಸೆರಗನ್ನೋ, ಸಾಕಿದವರ ಕಿವಿಯ ಹಾಲೆಯನ್ನೋ ಬಾಯಲ್ಲಿಟ್ಟುಕೊಂಡು ಚೀಪುವುದನ್ನು ಬಿಡುವುದಿಲ್ಲ. ಇಂಥ ಮರಿಗಳಿಗೆಂದೇ ತಯಾರಾದ, ಹೊಟ್ಟೆಯೊಳಗೆ ಎದೆಬಡಿತದ ಸದ್ದು ಮಾಡುವ ಸಣ್ಣ ಯಂತ್ರವಿರುವ ಬೆಕ್ಕಿನ ಆಕಾರದ ಗೊಂಬೆಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಹಲವು ಹೆಸರುಗಳಲ್ಲಿ ದೊರೆಯುತ್ತಿವೆ. ಅವುಗಳಲ್ಲಿ ಒಂದನ್ನು ಮೈಸೂರಿನ ನಮ್ಮ ಮನೆಯಲ್ಲಿ, ತಾಯಿಯಿಲ್ಲದ ಮರಿಯ ಜೊತೆಗೂ ತಾಯಿಯ ಪಕ್ಕದಲ್ಲೇ ಬೆಳೆಯುತ್ತಿದ್ದ ಮರಿಯ ಜೊತೆಗೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಈ ಗೊಂಬೆಗಳೆಲ್ಲ ಬಹುಮಟ್ಟಿಗೆ ಒಂದೇ ರಚನೆಯವಾದ್ದರಿಂದ ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಯಾವ ಹೆಸರಿನದನ್ನು ಕೊಂಡರೂ ಗಮನಿಸಬೇಕಾದ ಸಂಗತಿಗಳು ಇವೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ತಾಯಿಯನ್ನು ಬೇಗ ಅಗಲಿದ ಒಂಟಿ ಮರಿಗೆ ಈ ಗೊಂಬೆ ಉಪಕಾರಿಯಾಗಿದೆ, ಆದರೆ ಆ ಉಪಕಾರದಲ್ಲಿ ಹೆಚ್ಚಿನ ಪಾಲು ಅದರ ಬಟ್ಟೆಗೂ ಬಿಸುಪಿಗೂ ಸಲ್ಲಬೇಕು. ತಯಾರಕರು ದೊಡ್ಡ ಅಕ್ಷರಗಳಲ್ಲಿ ಸಾರುವ ಎದೆಬಡಿತಕ್ಕೆ ಸಲ್ಲುವುದು ಸ್ವಲ್ಪವೇ.

ಗೊಂಬೆ ಮಗ್ಗುಲಾಗಿ ಮಲಗಿದ ಭಂಗಿಯಲ್ಲಿದೆ. ಉದ್ದ ಸುಮಾರು ಒಂದು ಅಡಿ, ಬಣ್ಣ ಬೂದು, ಬೆನ್ನಿನ ಮೇಲೆ ಗಿಡ್ಡ ರೋಮ, ಹೊಟ್ಟೆಯ ಕಡೆ ಸ್ವಲ್ಪ ಉದ್ದನೆಯ ರೋಮ. ಹೊಟ್ಟೆಯ ಅಡಿಯಲ್ಲಿ ವೆಲ್ಕ್ರೋ ಪಟ್ಟಿಯಿಂದ ಮುಚ್ಚುವ ಸಂಚಿಯೊಂದಿದ್ದು, ಅದರೊಳಗೆ ಹೃದಯದ ಆಕಾರದ ಪ್ಲಾಸ್ಟಿಕ್ ಡಬ್ಬಿಯನ್ನೂ ಅದರ ಪಕ್ಕದಲ್ಲಿ ಬಿಸಿ ಕೊಡುವ ಪೊಟ್ಟಣವನ್ನೂ ಇಡಲು ಜಾಗ ಮಾಡಿದ್ದಾರೆ. ಡಬ್ಬಿ ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತದೆ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರುವುದರಿಂದ ಮರಿ ಎಷ್ಟು ಎಳೆದಾಡಿದರೂ ಅದು ತೆರೆದುಕೊಳ್ಳುವುದಿಲ್ಲ. ಕಣ್ಣು ಮೂಗುಗಳನ್ನು ಪ್ಲಾಸ್ಟಿಕ್ ಮಣಿಗಳಿಂದ ಮಾಡದೆ ದಾರದಲ್ಲಿ ಬಿಗಿಯಾಗಿ ಕಸೂತಿ ಮಾಡಿರುವುದು ಈ ಗೊಂಬೆಯ ಬಗ್ಗೆ ನನಗೆ ಮೊದಲ ನೋಟದಲ್ಲೇ ಸಮಾಧಾನ ತಂದ ಸಂಗತಿ. ಬೆಲೆ ಎರಡು ಸಾವಿರ ರೂಪಾಯಿಗಿಂತ ಸ್ವಲ್ಪ ಕಡಿಮೆ.

ಇಂಥ ವಸ್ತುವಿನಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ನಿರ್ಧರಿಸಬೇಕಾದರೆ ಮರಿ ಏಕೆ ಚೀಪುತ್ತದೆ ಎಂಬುದನ್ನು ತಿಳಿದಿರಬೇಕು. ಹುಟ್ಟಿದಾಗ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಅದರ ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳಿಸುವುದಿಲ್ಲ. ಅದಕ್ಕೆ ಜಗತ್ತೆಂದರೆ ವಾಸನೆ, ಸ್ಪರ್ಶ ಮತ್ತು ಬಿಸುಪು ಮಾತ್ರ. ತಾಯಿಯ ಹೊಟ್ಟೆಯ ರೋಮದೊಳಗೆ ಮೂಗು ತೂರಿಸಿ ಅತ್ತಿತ್ತ ತಲೆಯಾಡಿಸುತ್ತ ಅದು ಮೊಲೆತೊಟ್ಟನ್ನು ಹುಡುಕಿಕೊಳ್ಳುತ್ತದೆ. ತಾಯಿ ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆತೊಟ್ಟುಗಳಿದ್ದು, ಹುಟ್ಟಿದ ಕೆಲವೇ ದಿನಗಳಲ್ಲಿ ಹೆಚ್ಚಿನ ಮರಿಗಳು ತಮಗೆ ಇಂಥದೇ ತೊಟ್ಟು ಎಂದು ಗೊತ್ತುಮಾಡಿಕೊಂಡು ಪ್ರತಿಸಲವೂ ಅಲ್ಲಿಗೇ ಬರುತ್ತವೆ. ಕುಡಿಯುವಾಗ ಮುಂಗಾಲುಗಳಿಂದ ತಾಯಿಯ ಹೊಟ್ಟೆಯನ್ನು ಒಂದಾದ ಮೇಲೊಂದರಂತೆ, ಚಪಾತಿ ಹಿಟ್ಟು ನಾದುವ ಹಾಗೆ, ಒತ್ತುತ್ತಿರುತ್ತವೆ. ಆ ಒತ್ತುವಿಕೆಯಿಂದ ಹಾಲು ಇಳಿಯುತ್ತದೆ. ಹಸಿವು ನೀಗುವುದು, ಬೆಚ್ಚಗಾಗುವುದು, ನಿದ್ದೆ ಹತ್ತುವುದು ಇವೆಲ್ಲ ಆ ಮರಿಯ ಮೊದಲ ವಾರಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಆಗುವ ಸಂಗತಿಗಳು. ಮುಂದೆ ಹಸಿವಿಗೆ ಬೇರೆ ದಾರಿ ಸಿಕ್ಕಿದರೂ ನಿದ್ದೆಗೂ ಸಮಾಧಾನಕ್ಕೂ ಚೀಪುವುದೇ ದಾರಿಯಾಗಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ವಿಜ್ಞಾನಿ ಜೇ ರೋಸೆನ್‌ಬ್ಲಾಟ್ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದಲ್ಲೇ ಬೆಕ್ಕುಗಳ ಹಾಲೂಡಿಕೆಯನ್ನು ಮೂರು ಹಂತಗಳಾಗಿ ವಿವರಿಸಿದ್ದರು. ಮೊದಲ ಸುಮಾರು ಮೂರು ವಾರ ತಾಯಿಯೇ ಮರಿಗಳ ಬಳಿ ಬಂದು ಮಲಗಿ ಹಾಲೂಡಿಸುತ್ತದೆ. ಅನಂತರದ ಹಂತದಲ್ಲಿ ತಾಯಿ ಕರೆಯುವುದೂ ಉಂಟು, ಮರಿಗಳು ತಾಯಿಯನ್ನು ಹುಡುಕಿಕೊಂಡು ಹೋಗುವುದೂ ಉಂಟು. ಐದನೆಯ ವಾರ ದಾಟುವ ಹೊತ್ತಿಗೆ ಬೆನ್ನುಹತ್ತುವುದು ಬಹುಮಟ್ಟಿಗೆ ಮರಿಗಳ ಕೆಲಸವಾಗುತ್ತದೆ, ತಪ್ಪಿಸಿಕೊಳ್ಳುವುದು ತಾಯಿಯ ಕೆಲಸವಾಗುತ್ತದೆ. ತಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಕೂರುತ್ತದೆ, ಮರಿಗಳಿಗೆ ಎಟುಕದ ಅಟ್ಟಕ್ಕೋ ಕಿಟಕಿಯ ಮೇಲಿನ ಸಜ್ಜಕ್ಕೋ ಹತ್ತಿಬಿಡುತ್ತದೆ, ಹಾಲುಹಲ್ಲುಗಳು ಚುಚ್ಚತೊಡಗಿದಾಗ ಮೆಲ್ಲಗೆ ಗದರಿ ಎದ್ದು ಹೋಗುತ್ತದೆ. ಹಾಲು ಬಿಡಿಸುವ ಕೆಲಸ ನಾಲ್ಕನೆಯ ವಾರದ ಆಸುಪಾಸಿನಲ್ಲಿ ಆರಂಭವಾಗಿ ಏಳೆಂಟು ವಾರಗಳ ಹೊತ್ತಿಗೆ ಮುಗಿಯುತ್ತದೆ ಎಂದು ಹೇಳುವುದು ವಾಡಿಕೆಯಾದರೂ, ಮುಗಿಯುವುದು ಹಾಲಿನ ಮೇಲಿನ ಅವಲಂಬನೆ ಮಾತ್ರ. ತಾಯಿ ಅವಕಾಶ ಕೊಟ್ಟರೆ ಮರಿಗಳು ಹಾಲಿಲ್ಲದ ಮೊಲೆಯನ್ನೂ ತಿಂಗಳುಗಟ್ಟಲೆ ಚೀಪುತ್ತವೆ. ತಾಯಿ ಪ್ರತಿದಿನ ಸ್ವಲ್ಪಸ್ವಲ್ಪವೇ ನಿರಾಕರಿಸುತ್ತ ಹೋಗುವ ಈ ನಿಧಾನದ ಪಾಠವನ್ನು ಪೂರ್ತಿ ಕಲಿಯದೆ ಬಂದ ಮರಿಗಳೇ ನಮ್ಮ ಕಿವಿಯ ಹಾಲೆಗೆ ಬಾಯಿಹಾಕುವವುಗಳಲ್ಲಿ ಹೆಚ್ಚು.

ಬೇಗ ಅಗಲಿಸುವುದರ ಪರಿಣಾಮ ಚೀಪುವುದಕ್ಕಷ್ಟೇ ನಿಲ್ಲುವುದಿಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು 5,726 ಬೆಕ್ಕುಗಳ ಮಾಹಿತಿಯನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರಗಳಿಗೂ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳಲ್ಲಿ ಆಕ್ರಮಣಶೀಲತೆ ಹೆಚ್ಚಾಗಿ ಕಂಡುಬಂದಿತ್ತು. ಹದಿನಾಲ್ಕು ವಾರ ತುಂಬುವವರೆಗೆ ತಾಯಿಯ ಜೊತೆಗಿದ್ದ ಬೆಕ್ಕುಗಳ ಸ್ವಭಾವ ಹನ್ನೆರಡು ವಾರಕ್ಕೆ ಬೇರೆಯಾದವುಗಳಿಗಿಂತಲೂ ಸ್ವಸ್ಥವಾಗಿತ್ತು. ನಮ್ಮಲ್ಲಿ ಐದು ವಾರದ ಮರಿಯನ್ನು «ಈಗಾಗಲೇ ಅನ್ನ ತಿನ್ನುತ್ತದೆ» ಎಂದು ಹೇಳಿ ಕೊಡುವುದೂ ತರುವುದೂ ಸಾಮಾನ್ಯ. ಗೊಂಬೆಯ ಪೆಟ್ಟಿಗೆಯ ಮೇಲೆ, ಮರಿಯನ್ನು ಮನೆಗೆ ತಂದ ಮೊದಲ ರಾತ್ರಿಯಿಂದಲೇ ಇದು ತಾಯಿಯ ಸ್ಥಾನವನ್ನು ತುಂಬುತ್ತದೆ ಎಂಬ ಅರ್ಥದ ಮಾತಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನೆಕ್ಕಿ ಶುಚಿ ಮಾಡುವುದು, ಕಚ್ಚಿದ್ದು ಹೆಚ್ಚಾದಾಗ ತಡೆಯುವುದು, ಮೊಲೆಯುಣ್ಣಲು ಬಂದಾಗ ಬೇಡವೆನ್ನುವುದು ಇವೆಲ್ಲ ತಾಯಿ ಮಾಡುವ ಕೆಲಸಗಳು. ಗೊಂಬೆ ಎಂದಿಗೂ ಬೇಡವೆನ್ನುವುದಿಲ್ಲ. ತಾಯಿಯ ಜೊತೆ ಇರಿಸಿಕೊಳ್ಳಲು ಸಾಧ್ಯವಿರುವ ಮರಿಯನ್ನು ಗೊಂಬೆಯ ಧೈರ್ಯದ ಮೇಲೆ ಬೇಗ ತರುವುದು ಆ ಮರಿಗೆ ಮಾಡುವ ಅನ್ಯಾಯ.

ಆದರೆ ತರದೆ ಬೇರೆ ದಾರಿಯೇ ಇಲ್ಲದ ಮರಿಗಳೂ ಇರುತ್ತವೆ. ಚುಕ್ಕಿ ನಮ್ಮ ಬೀದಿಯ ಮೋರಿಯ ಪಕ್ಕ ಒಂಟಿಯಾಗಿ ಸಿಕ್ಕಿದ ತಬ್ಬಲಿ. ಹಲ್ಲುಗಳನ್ನು ನೋಡಿದ ಪಶುವೈದ್ಯರು ವಯಸ್ಸು ನಾಲ್ಕು ವಾರದ ಆಸುಪಾಸು ಎಂದರು. ತಿನ್ನುವುದನ್ನು ಅದು ಬೇಗ ಕಲಿಯಿತು, ತಟ್ಟೆಯನ್ನು ಪೂರ್ತಿ ಖಾಲಿ ಮಾಡುತ್ತಿತ್ತು, ತೂಕವೂ ಸರಿಯಾಗಿ ಏರುತ್ತಿತ್ತು. ಆದರೂ ಉಂಡು ಮುಖ ತೊಳೆದುಕೊಂಡ ಕೂಡಲೇ ನನ್ನ ಕತ್ತಿನ ಬಳಿ ಹತ್ತಿ, ಕಣ್ಣನ್ನು ಅರ್ಧ ಮುಚ್ಚಿ, ಮುಂಗಾಲಿನ ಬೆರಳುಗಳನ್ನು ಅಗಲಿಸಿ ಒತ್ತುತ್ತ, ಗುರ್‌ಗುಟ್ಟುತ್ತ ಕಿವಿಯ ಹಾಲೆಯನ್ನು ಚೀಪತೊಡಗುತ್ತಿತ್ತು. ಅದರ ನಾಲಿಗೆ ಎರಡೂ ಅಂಚುಗಳಲ್ಲಿ ಮೇಲಕ್ಕೆ ಸುರುಳಿಯಾಗಿ ದೋಣಿಯ ಆಕಾರಕ್ಕೆ ಬರುತ್ತಿದ್ದುದನ್ನೂ, ಚೀಪುವ ಲಯ ಮೊದಲು ಚುರುಕಾಗಿದ್ದು ಕ್ರಮೇಣ ನಿಧಾನವಾಗಿ, ನಡುನಡುವೆ ನಿಂತು, ಕೊನೆಗೆ ಹಾಲೆ ಬಾಯಲ್ಲಿದ್ದಂತೆಯೇ ನಿದ್ದೆ ಹೋಗುತ್ತಿದ್ದುದನ್ನೂ ಹತ್ತಿರದಿಂದ ನೋಡಿದವರಿಗೆ ಇದು ಹಸಿವಿನ ಚೀಪುವಿಕೆಯಲ್ಲ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಹಸಿದ ಮರಿ ಕೂಗುತ್ತದೆ, ಚಡಪಡಿಸುತ್ತದೆ, ತಟ್ಟೆಯ ಕಡೆ ಓಡುತ್ತದೆ; ಇದು ಹಾಗಲ್ಲ.

ಗೊಂಬೆಯನ್ನು ಮೊದಲ ದಿನ ಬುಟ್ಟಿಯಲ್ಲಿಟ್ಟಾಗ ಚುಕ್ಕಿ ಅದನ್ನು ಮೂಸಿ ದೂರ ಸರಿಯಿತು. ಹೊಸ ಬಟ್ಟೆಯ, ಅಂಗಡಿಯ ವಾಸನೆ ಅದಕ್ಕೆ ಕಾರಣವಿರಬೇಕು. ಸುಗಂಧವಿಲ್ಲದ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿ, ಆ ಮರಿ ಮಲಗುತ್ತಿದ್ದ ಹಳೆಯ ಟವೆಲಿನಲ್ಲಿ ಸುತ್ತಿಟ್ಟು ಆಮೇಲೆ ಕೊಟ್ಟಾಗ ಒಪ್ಪಿಕೊಂಡಿತು. ಕೊಳ್ಳುವವರೆಲ್ಲ ಇದನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬೆಕ್ಕಿಗೆ ವಸ್ತುವಿನ ಪರಿಚಯವಾಗುವುದು ಮೂಗಿನಿಂದ. ಮರಿ ಕಿವಿಗೆ ಬಂದಾಗಲೆಲ್ಲ ಬೈಯದೆ, ತಳ್ಳದೆ, ನಿಧಾನವಾಗಿ ಬಿಡಿಸಿ ಗೊಂಬೆಯ ಹೊಟ್ಟೆಯ ಬಳಿ ಇಟ್ಟು, ಮರಿ ಚೀಪಿ ನಿದ್ದೆ ಹೋಗುವವರೆಗೆ ಅದರ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಿದ್ದೆವು. ಗದರಿಸುವುದರಿಂದ, ಮೂಗಿಗೆ ಹೊಡೆಯುವುದರಿಂದ, ಕಹಿ ಬಳಿಯುವುದರಿಂದ ಚೀಪುವುದು ನಿಲ್ಲುವುದಿಲ್ಲ. ಸಮಾಧಾನ ಬೇಕಾದ ಮರಿಗೆ ಅಂಜಿಕೆಯನ್ನು ಕೊಟ್ಟರೆ ಅದು ಇನ್ನಷ್ಟು ಚೀಪಲು ಹವಣಿಸುತ್ತದೆ. ಸಂಜೆ ಚೆನ್ನಾಗಿ ಆಡಿಸಿ, ಉಣ್ಣಿಸಿ, ಆ ಬಳಿಕ ಗೊಂಬೆಯ ಪಕ್ಕ ಮಲಗಿಸುವ ಕ್ರಮ ಕೂಡಿಬಂದ ಮೇಲೆ ಚುಕ್ಕಿ ತಾನಾಗಿಯೇ ಗೊಂಬೆಯನ್ನು ಹುಡುಕಿಕೊಂಡು ಹೋಗತೊಡಗಿತು. ನನ್ನ ಕಿವಿಗೆ ಬರುವುದು ಪೂರ್ತಿ ನಿಲ್ಲಲಿಲ್ಲ, ಬಹಳ ಕಡಿಮೆಯಾಯಿತು.

ಈಗ ಬಟ್ಟೆಯ ವಿಚಾರ. ಇಂಥ ಗೊಂಬೆಯಲ್ಲಿ ಅತ್ಯಂತ ಮುಖ್ಯವಾದದ್ದು ಇದೇ, ಹೆಚ್ಚಿನ ಜಾಹೀರಾತುಗಳಲ್ಲಿ ಉಲ್ಲೇಖವೇ ಇಲ್ಲದ್ದೂ ಇದೇ. ಮರಿ ದಿನವೂ ಒಂದೇ ಜಾಗವನ್ನು ಒದ್ದೆ ಮಾಡಿ ಎಳೆಯುವುದರಿಂದ ಆ ಭಾಗದ ರೋಮ ಉಂಡೆಯಾಗುತ್ತದೆ. ರೋಮ ಬುಡದಲ್ಲಿ ಸಡಿಲವಾಗಿದ್ದರೆ ಎಳೆಗಳು ನಾಲಿಗೆಗೆ ಅಂಟುತ್ತವೆ. ಬೆಕ್ಕಿನ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಬಂದ ಎಳೆಯನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುವುದೇ ಸುಲಭ. ನಾನು ಗೊಂಬೆಯ ಹೊಟ್ಟೆಯನ್ನು ಒದ್ದೆ ಮಾಡಿ, ಬೆರಳುಗಳಲ್ಲಿ ಹಿಡಿದು ಬಲವಾಗಿ ಎಳೆದು ನೋಡಿದೆ. ಹೊಸದರಲ್ಲಿ ನಾಲ್ಕಾರು ಎಳೆಗಳು ಬಂದವು, ಒಗೆದ ಮೇಲೆ ಬರಲಿಲ್ಲ. ಹೊಟ್ಟೆಯ ಹೊಲಿಗೆ ಜೋಡಿ ಹೊಲಿಗೆಯಾಗಿದ್ದು ಈವರೆಗೆ ಎಲ್ಲಿಯೂ ಬಿಟ್ಟಿಲ್ಲ. ವೆಲ್ಕ್ರೋ ಪಟ್ಟಿಯ ಒರಟು ಭಾಗ ಮಾತ್ರ ಅಂಚಿನಲ್ಲಿ ಸ್ವಲ್ಪ ಹೊರಗೆ ಇಣುಕುತ್ತದೆ. ಮರಿಯ ಮೂಗು ತಾಗುವ ಜಾಗದಲ್ಲಿ ಅದನ್ನು ಇಡಬಾರದಿತ್ತು. ನಾವು ಅದರ ಮೇಲೆ ಒಂದು ತುಂಡು ಹತ್ತಿ ಬಟ್ಟೆಯನ್ನು ಹೊಲಿದುಕೊಂಡೆವು.

ಹಣ ಕೊಟ್ಟು ಗೊಂಬೆ ತರುವ ಬದಲು ಮನೆಯ ಹಳೆಯ ಕೌದಿಯನ್ನೇ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೌದಿ ಮಲಗುವುದಕ್ಕೆ ಬಹಳ ಒಳ್ಳೆಯದು, ಚೀಪುವ ಮರಿಗೆ ಮಾತ್ರ ಅಲ್ಲ. ಅದರ ಉದ್ದಕ್ಕೂ ಹಾಯ್ದಿರುವ ಹೊಲಿಗೆಯ ದಾರ ಹಳತಾದಂತೆ ಅಲ್ಲಲ್ಲಿ ಕಿತ್ತು ಕುಣಿಕೆಯಾಗಿ ಮೇಲೆ ಏಳುತ್ತದೆ. ಉದ್ದನೆಯ ದಾರ ಬೆಕ್ಕಿನ ಹೊಟ್ಟೆಗೆ ಹೋಗುವುದು ಅತಿ ಅಪಾಯಕಾರಿ. ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿನೊಳಗೆ ಸಾಗಿದರೆ, ಕರುಳು ಆ ದಾರದ ಮೇಲೆ ಮಡಿಕೆಮಡಿಕೆಯಾಗಿ ಸುಕ್ಕಿಕೊಳ್ಳುತ್ತದೆ, ದಾರ ಕರುಳಿನ ಗೋಡೆಯನ್ನು ಕೊಯ್ಯಲೂಬಹುದು. ಆಗ ಶಸ್ತ್ರಚಿಕಿತ್ಸೆಯೇ ಗತಿ. ಬಾಯಿಂದಲೋ ಹಿಂದಿನಿಂದಲೋ ದಾರ ಹೊರಗೆ ಇಳಿಬಿದ್ದಿರುವುದು ಕಂಡರೆ ಅದನ್ನು ಎಳೆಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಣ್ಣೆಯ ಸ್ವೆಟರ್, ಮಫ್ಲರ್, ಕುಚ್ಚು ಕಟ್ಟಿದ ಸೆರಗು ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗೊಂಬೆಗೆ ಕೊಡುವ ಹಣದಲ್ಲಿ ನ್ಯಾಯವಾದ ಪಾಲು ಈ ಬಿಗಿಯಾದ ಹೊಲಿಗೆಗೆ ಸಲ್ಲುತ್ತದೆ ಎಂದು ನಾನು ಭಾವಿಸುತ್ತೇನೆ.

ಎದೆಬಡಿತದ ಡಬ್ಬಿಯ ಬಗ್ಗೆ ಅಷ್ಟು ಉತ್ಸಾಹದಿಂದ ಹೇಳಲಾರೆ. ಬೆಕ್ಕಿನ ಹೃದಯ ನಿಮಿಷಕ್ಕೆ ಸುಮಾರು 140ರಿಂದ 220 ಬಾರಿ ಬಡಿಯುತ್ತದೆ. ಈ ಡಬ್ಬಿಯ ಬಡಿತ ಅದಕ್ಕಿಂತ ಬಹಳ ನಿಧಾನ, ಮನುಷ್ಯರ ಹೃದಯದ ವೇಗಕ್ಕೆ ಹತ್ತಿರವಾಗಿದೆ. ನಾಯಿಮರಿಗಳ ಗೊಂಬೆಯಲ್ಲಿ ಬರುವ ಡಬ್ಬಿಯನ್ನೇ ಇದರಲ್ಲೂ ಇಟ್ಟಂತೆ ತೋರುತ್ತದೆ. ಡಬ್ಬಿಯನ್ನು ನಡೆಸಿದ ರಾತ್ರಿಗಳಲ್ಲೂ ನಡೆಸದ ರಾತ್ರಿಗಳಲ್ಲೂ ಚುಕ್ಕಿ ಗೊಂಬೆಯನ್ನು ಚೀಪುವ ರೀತಿಯಲ್ಲಿ ನನಗೆ ವ್ಯತ್ಯಾಸ ಕಾಣಿಸಲಿಲ್ಲ. ನಿದ್ದೆಯಿಂದ ಎಚ್ಚೆತ್ತಾಗ ಬಡಿತವಿದ್ದರೆ ಮತ್ತೆ ಬೇಗ ಮಲಗುತ್ತಿತ್ತು ಎಂದು ನಮ್ಮ ಮನೆಯವರು ಹೇಳುತ್ತಾರೆ. ಅಷ್ಟರಮಟ್ಟಿಗೆ ಅದಕ್ಕೆ ಅಂಕ ಕೊಡಬಹುದು. ಸೆಲ್ಲುಗಳು ಬೇಗ ತೀರುತ್ತವೆ, ರಾತ್ರಿಯಿಡೀ ನಡೆಸಿದರಂತೂ ಆಗಾಗ ಬದಲಾಯಿಸುತ್ತಲೇ ಇರಬೇಕು.

ಬಿಸುಪಿನ ಪರಿಣಾಮ ಮಾತ್ರ ಸ್ಪಷ್ಟವಾಗಿತ್ತು. ಜೊತೆಗೆ ಬಂದ ಪೊಟ್ಟಣಗಳು ಗಾಳಿ ತಾಗಿದಾಗ ಒಳಗಿನ ಕಬ್ಬಿಣದ ಪುಡಿ ತುಕ್ಕುಹಿಡಿಯುವುದರಿಂದ ಬಿಸಿಯಾಗುವ ಬಗೆಯವು. ಒಮ್ಮೆ ತೆರೆದರೆ ಒಂದೇ ಬಳಕೆಗೆ ಮುಗಿಯುತ್ತವೆ. ಅವು ತೀರಿದ ಮೇಲೆ ಉಗುರುಬೆಚ್ಚಗಿನ ನೀರು ತುಂಬಿದ ಸಣ್ಣ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಅದೇ ಸಂಚಿಯಲ್ಲಿ ಇಟ್ಟೆವು, ಅದು ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಮೈಸೂರಿನ ಡಿಸೆಂಬರ್ ರಾತ್ರಿಗಳಲ್ಲಿ ಬೆಚ್ಚಗಿನ ಗೊಂಬೆಯನ್ನು ಬಿಟ್ಟು ಮರಿ ಕದಲುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅದೇ ಪೊಟ್ಟಣ ಅನಗತ್ಯ, ಬುಟ್ಟಿಯಿಂದ ಮರಿಯನ್ನು ಓಡಿಸುವಂಥದು. ಕಣ್ಣು ತೆರೆಯದ, ತೆವಳಿ ದೂರ ಸರಿಯಲಾರದ ಎಳೆಯ ಮರಿಗೆ ಈ ಪೊಟ್ಟಣವನ್ನು ತಾಗಿಸಿ ಇಡಲೇಬಾರದು, ಏಕೆಂದರೆ ಬಿಸಿ ಹೆಚ್ಚಾದರೆ ಚರ್ಮ ಸುಟ್ಟರೂ ಅದು ಅಲ್ಲೇ ಬಿದ್ದಿರುತ್ತದೆ. ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ, ಆದರೆ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಮಾತ್ರ.

ಮರಿ ಚೀಪುವುದನ್ನು ಕಂಡ ಕೂಡಲೇ ಹಾಲು ಸಾಲದೆ ಹೀಗೆ ಮಾಡುತ್ತಿದೆ ಎಂದು ತಿಳಿದು ಹಸುವಿನ ಹಾಲು ಹಾಕುವವರು ನಮ್ಮಲ್ಲಿ ಬಹಳ ಮಂದಿ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನದಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಅಲ್ಲದೆ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಮರಿಯ ಕರುಳಿನಲ್ಲಿ ಕಡಿಮೆಯಾಗುತ್ತ ಹೋಗುವುದರಿಂದ ಅನೇಕ ಮರಿಗಳಿಗೆ ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಸಣ್ಣ ದೇಹ ಬೇಗ ಬತ್ತಿಹೋಗುತ್ತದೆ. ಹೊಟ್ಟೆ ತುಂಬುತ್ತಿದೆಯೇ ಎಂಬುದನ್ನು ತಿಳಿಯಲು ಚೀಪುವುದನ್ನು ನೋಡುವುದಕ್ಕಿಂತ ಅಡುಗೆಮನೆಯ ತಕ್ಕಡಿಯನ್ನು ನಂಬುವುದು ಮೇಲು. ಮೊದಲ ತಿಂಗಳುಗಳಲ್ಲಿ ಆರೋಗ್ಯವಂತ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರುತ್ತದೆ, ಎಂಟು ವಾರದ ಹೊತ್ತಿಗೆ 900 ಗ್ರಾಮಿನ ಆಸುಪಾಸು ಮುಟ್ಟುತ್ತದೆ. ತೂಕ ಏರದೆ ಹೊಟ್ಟೆ ಮಾತ್ರ ಉಬ್ಬಿಕೊಂಡಿದ್ದರೆ ಜಂತುಹುಳುವಿನ ಬಗ್ಗೆ ಯೋಚಿಸಬೇಕು. ಬೆಕ್ಕುಗಳ ದುಂಡುಹುಳುವಿನ ಮರಿಗಳು ತಾಯಿಯ ಹಾಲಿನ ಮೂಲಕವೇ ಮರಿಗಳಿಗೆ ದಾಟುವುದರಿಂದ, ಎಂದೂ ನೆಲಕ್ಕೆ ಇಳಿಯದ ಮರಿಯಲ್ಲೂ ಹುಳುಗಳಿರಬಹುದು. ಗೊಂಬೆ ಕೊಳ್ಳುವ ಮೊದಲು ಹುಳುವಿನ ಔಷಧಕ್ಕೆ ಹಣ ಎತ್ತಿಡಬೇಕು.

ತಾಯಿಯ ಬಳಿಯೇ ಇದ್ದ ಮರಿಯ ಜೊತೆ ಗೊಂಬೆಯ ಅನುಭವ ಬೇರೆಯೇ ಆಗಿತ್ತು. ಬಿಳಿಯಮ್ಮನ ಮಗ ಗುಂಡ ಮೂರು ತಿಂಗಳು ದಾಟಿ, ಒಣ ಆಹಾರವನ್ನು ಕರುಕುರು ಅಗಿದು ತಿನ್ನುತ್ತಿದ್ದರೂ, ಮಧ್ಯಾಹ್ನ ತಾಯಿ ಮಲಗಿದಾಗ ಬಂದು ಮೊಲೆಗೆ ಬಾಯಿಹಾಕುತ್ತಿದ್ದ. ಗೊಂಬೆಯನ್ನು ಎದುರಿಗಿಟ್ಟರೆ ಅದರ ಕತ್ತು ಹಿಡಿದು ಹಿಂಗಾಲುಗಳಿಂದ ಒದೆಯುತ್ತಿದ್ದ, ಚೀಪಲು ಮತ್ತೆ ತಾಯಿಯ ಬಳಿಗೇ ಹೋಗುತ್ತಿದ್ದ. ನಿಜವಾದ ತಾಯಿ ಇರುವಾಗ ಗೊಂಬೆ ಅವನಿಗೆ ಆಟದ ಸಾಮಾನು ಮಾತ್ರ. ಅಂಥ ಮನೆಯವರು ಇದಕ್ಕಾಗಿ ಹಣ ಖರ್ಚು ಮಾಡುವ ಅಗತ್ಯವಿಲ್ಲ. ತಾಯಿ ಸೊರಗದೆ ಇದ್ದರೆ, ಅದರ ಮೊಲೆಗಳು ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿ ಇಲ್ಲದಿದ್ದರೆ, ಈ ಚೀಪುವಿಕೆಯಿಂದ ಕೆಡುಕಿಲ್ಲ. ಸಾಕಾದಾಗ ತಾಯಿಯೇ ನಿಲ್ಲಿಸುತ್ತದೆ.

ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಮಾತ್ರ ಮಧ್ಯೆ ಬರಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾದರೂ ಚೀಪುವಿಕೆಯ ಪ್ರಚೋದನೆ ಮುಂದುವರಿದರೆ ಹಾಲು ಕೂಡಲೇ ನಿಲ್ಲುವುದಿಲ್ಲ, ಹೊಟ್ಟೆಯ ನಡುವಿನ ಹೊಲಿಗೆಗೆ ಮರಿಯ ಬಾಯಿ, ಉಗುರು ತಾಗುತ್ತವೆ. ಹಾಲಿರುವ ಬೆಕ್ಕುಗಳಿಗೆ ಪಕ್ಕೆಯ ಕಡೆಯಿಂದ ಶಸ್ತ್ರಚಿಕಿತ್ಸೆ ಮಾಡುವ ವಿಧಾನವೂ ಇದೆ; ಅದನ್ನು ವೈದ್ಯರಲ್ಲಿ ಮೊದಲೇ ಕೇಳಿ ತಿಳಿಯಬೇಕು. ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಹೋಗುವುದೂ ಸರಿಯಲ್ಲ, ಏಕೆಂದರೆ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಲ್ಲದು. ಹೊಸ ಮರಿಗಳು ಹುಟ್ಟಿದಾಗ ದೊಡ್ಡ ಮರಿ ಇನ್ನೂ ಚೀಪುತ್ತಿದ್ದರೆ, ಮೊದಲ ದಿನದ ಗಿಣ್ಣುಹಾಲು ಎಳೆಯ ಮರಿಗಳಿಗೆ ಸಿಗದೆ ಹೋಗುವ ಅಪಾಯವಿದೆ, ರೋಗಗಳ ವಿರುದ್ಧದ ಅವುಗಳ ಮೊದಲ ರಕ್ಷಣೆ ಬರುವುದು ಅದರಿಂದಲೇ.

ಒಂದೇ ಸೂಲಿನ ತಬ್ಬಲಿ ಮರಿಗಳನ್ನು ಬಾಟಲಿ ಹಾಲಿನಲ್ಲಿ ಸಾಕುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ತಾಯಿಯಿಲ್ಲದ ಮರಿಗಳು ಪರಸ್ಪರರ ಹೊಟ್ಟೆ, ಬಾಲದ ಬುಡ, ವಿಶೇಷವಾಗಿ ಗಂಡುಮರಿಗಳ ಜನನಾಂಗವನ್ನು ಚೀಪತೊಡಗುತ್ತವೆ. ಅಲ್ಲಿ ಊತ ಬಂದು ಮೂತ್ರದ ದಾರಿ ಕಟ್ಟಿಕೊಂಡರೆ ಮರಿಯ ಪ್ರಾಣಕ್ಕೇ ಸಂಚಕಾರ. ಇದನ್ನು ನೋಡಿದ ಕೂಡಲೇ ಮರಿಗಳನ್ನು ಬೇರೆಬೇರೆಯಾಗಿ ಮಲಗಿಸಿ, ಪ್ರತಿಯೊಂದಕ್ಕೂ ಚೀಪಲು ತನ್ನದೇ ಆದ ವಸ್ತು ಕೊಟ್ಟು, ಕಣ್ಣೆದುರಿಗೆ ಇರುವಾಗ ಮಾತ್ರ ಒಟ್ಟಿಗೆ ಬಿಡಬೇಕು. ಗೊಂಬೆ ಇಲ್ಲಿ ಸಹಾಯ ಮಾಡುತ್ತದೆ, ಆದರೆ ಒಂದು ಗೊಂಬೆಯನ್ನು ನಾಲ್ಕು ಮರಿಗಳ ನಡುವೆ ಇಟ್ಟು ನಿಶ್ಚಿಂತೆಯಿಂದ ಮಲಗುವಂತಿಲ್ಲ.

ಒಂದು ವರ್ಷ ದಾಟಿದ ಬೆಕ್ಕು ಉಣ್ಣೆಯನ್ನು ಚೀಪುತ್ತಿದ್ದರೆ, ಅದರಲ್ಲೂ ಬಟ್ಟೆಯ ತುಂಡುಗಳನ್ನು ಕತ್ತರಿಸಿ ನುಂಗುತ್ತಿದ್ದರೆ, ಈ ಗೊಂಬೆಯನ್ನು ಕೊಡಲೇಬೇಡಿ. ಸಯಾಮಿ, ಬರ್ಮನ್ ಮೊದಲಾದ ತಳಿಗಳಲ್ಲಿ ಈ ಗೀಳು ಹೆಚ್ಚು. ಈ ಎರಡು ತಳಿಗಳ 204 ಬೆಕ್ಕುಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬರ್ಮನ್ ಬೆಕ್ಕುಗಳ ಗೀಳಿಗೂ ಬೇಗ ಹಾಲು ಬಿಡಿಸುವುದಕ್ಕೂ ಚಿಕ್ಕ ಸೂಲಿಗೂ ಸಂಬಂಧ ಕಂಡುಬಂದಿದ್ದರೆ, ಸಯಾಮಿ ಬೆಕ್ಕುಗಳಲ್ಲಿ ಅದು ಬೇರೆ ಕಾಯಿಲೆಗಳ ಜೊತೆ ಕಾಣಿಸಿಕೊಂಡಿತ್ತು. ಹಾಗಾಗಿ ದೊಡ್ಡ ಬೆಕ್ಕಿನ ವಿಷಯದಲ್ಲಿ ಮೊದಲ ಹೆಜ್ಜೆ ವೈದ್ಯರ ತಪಾಸಣೆಯೇ ಆಗಬೇಕು. ನಮ್ಮ ಬೀದಿಯ ನಾಟಿ ಮರಿಗಳಲ್ಲಿ ಹೆಚ್ಚಿನವು ಬೆಳೆಯುತ್ತ ಹೋದಂತೆ ಈ ಅಭ್ಯಾಸವನ್ನು ತಾವಾಗಿಯೇ ಕಡಿಮೆ ಮಾಡುತ್ತವೆ. ಚುಕ್ಕಿಯೂ ಶಾಶ್ವತ ಹಲ್ಲುಗಳು ಬಂದ ಮೇಲೆ ಗೊಂಬೆಯನ್ನು ಚೀಪುವುದಕ್ಕಿಂತ ಅದರ ಮೇಲೆ ತಲೆಯಿಟ್ಟು ಮಲಗುವುದೇ ಹೆಚ್ಚು.

ಮಾರಾಟಗಾರರ ಸೇವೆಯಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ. ಮೊದಲು ಬಂದ ಡಬ್ಬಿಯ ಸ್ವಿಚ್ಚು ಕೆಟ್ಟಿತ್ತು, ಚಿತ್ರ ಕಳುಹಿಸಿದ ಮೇಲೆ ತಕರಾರಿಲ್ಲದೆ ಬೇರೆ ಡಬ್ಬಿ ಕೊಟ್ಟರು. ಡಬ್ಬಿಯಿಲ್ಲದೆ ಬರಿಯ ಗೊಂಬೆಯನ್ನು ಅರ್ಧ ಬೆಲೆಗೆ ಮಾರಿದರೆ ಬಹಳಷ್ಟು ಜನರಿಗೆ ಅನುಕೂಲವಾಗುತ್ತದೆ ಎಂದು ಅವರಿಗೆ ಬರೆದಿದ್ದೇನೆ. ಅಲ್ಲಿಯವರೆಗೆ, ಕೈ ಬಿಗಿಯಿರುವವರು ರೋಮ ಬಿಡದ ಗಟ್ಟಿ ಬಟ್ಟೆಯ ಸಾಧಾರಣ ಗೊಂಬೆಯೊಂದನ್ನು ಆರಿಸಿ, ಪ್ಲಾಸ್ಟಿಕ್ ಕಣ್ಣುಗಳನ್ನು ಕತ್ತರಿಸಿ ತೆಗೆದು, ರಂಧ್ರಗಳನ್ನು ಹೊಲಿದು, ಪಕ್ಕದಲ್ಲಿ ಬೆಚ್ಚಗಿನ ನೀರಿನ ಚೀಲ ಇಟ್ಟರೆ ಕೆಲಸ ನಡೆಯುತ್ತದೆ.

ಕೊಳ್ಳುವವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಗೊಂಬೆಯ ಹೊದಿಕೆಯನ್ನು ವಾರಕ್ಕೊಮ್ಮೆಯಾದರೂ ಡಬ್ಬಿ ತೆಗೆದು ಬಿಸಿನೀರಿನಲ್ಲಿ ಒಗೆಯಬೇಕು, ಜೊಲ್ಲು ಹತ್ತಿ ಒದ್ದೆಯಾಗಿಯೇ ಉಳಿದರೆ ವಾಸನೆ ಹಿಡಿಯುತ್ತದೆ. ಒಂದು ಮರಿಯ ಗೊಂಬೆಯನ್ನು ಮುಂದೆ ಬರುವ ಮರಿಗೆ ಎತ್ತಿಡುವ ಆಸೆ ಎಲ್ಲರಿಗೂ ಇರುತ್ತದೆ, ಪಕ್ಕದ ಮನೆಯವರೂ ಕೇಳುತ್ತಾರೆ. ಆದರೆ ಮರಿಗಳ ಚರ್ಮಕ್ಕೆ ಬರುವ ಹುಳುಕಡ್ಡಿಯ ಶಿಲೀಂಧ್ರ ಬಟ್ಟೆಯ ರೋಮದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಅದು ಮನುಷ್ಯರಿಗೂ ಅಂಟುತ್ತದೆ. ಮರಿಗಳಲ್ಲಿ ವಾಂತಿಭೇದಿ ತಂದು ಬೇಗ ಪ್ರಾಣ ತೆಗೆಯುವ ಪ್ಯಾನ್‌ಲ್ಯುಕೋಪೀನಿಯಾ ವೈರಾಣುವಂತೂ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಅದನ್ನು ಕೊಲ್ಲುವ ಬ್ಲೀಚಿಂಗ್ ದ್ರಾವಣದಲ್ಲಿ ಈ ಬಟ್ಟೆಯನ್ನು ನೆನೆಸಿದರೆ ಬಣ್ಣ ಹೋಗಿ ರೋಮ ಗಡುಸಾಗುತ್ತದೆ, ಆಮೇಲೆ ಯಾವ ಮರಿಯೂ ಅದರ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಕಾಯಿಲೆ ಬಿದ್ದ ಮರಿಯ ಗೊಂಬೆಯನ್ನು ಸುಟ್ಟುಹಾಕಿ, ಡಬ್ಬಿಯನ್ನು ಮಾತ್ರ ಬ್ಲೀಚಿನಲ್ಲಿ ಒರೆಸಿ ಉಳಿಸಿಕೊಳ್ಳಬಹುದು. ಮರಿಗಳನ್ನು ಸಾಕಿ ಬೇರೆ ಮನೆಗಳಿಗೆ ಕೊಡುವ ಕೆಲಸ ಮಾಡುವವರು ಪ್ರತಿ ಮರಿಗೂ ಹೊಸ ಗೊಂಬೆ ಎಂದೇ ಲೆಕ್ಕ ಹಾಕಿಕೊಂಡು, ಮರಿ ಹೊಸ ಮನೆಗೆ ಹೋಗುವಾಗ ಅದರ ಗೊಂಬೆಯನ್ನೂ ಒಗೆಯದೆ ಜೊತೆಗೇ ಕಳುಹಿಸಿಕೊಡಬೇಕು.